ಅದೆಲ್ಲಾ ಖರೆ, ಪಗಾರ ಎಷ್ಟ?

ನಾಟಕ ಮುಗಿದು ಹತ್ತು ನಿಮಿಷ ಆಗಿರಬೇಕು. ಹೈಸ್ಕೂಲು ಮೈದಾನದ ತಾತ್ಕಾಲಿಕ ರಂಗದ ಹಿಂದೆ, ರಾಜನ ಪಾತ್ರ ಮಾಡಿದವನನ್ನು ಮಾತನಾಡಿಸೋಣವೆಂದು ಹೋದೆ. ರಾಜ ಕುಕ್ಕರಗಾಲಲ್ಲಿ ಕೂತು ಲೈಟಿನ ವೈರು ಸುತ್ತುತ್ತಿದ್ದ. ಹೆಬ್ಬೆರಳಿಗೂ ಮೊಣಕೈಗೂ ನಡುವೆ ಒಂದೊಂದೇ ಸುತ್ತು, ನಮ್ಮಜ್ಜಿ ಹಗ್ಗ ಸುತ್ತುತ್ತಿದ್ದ ಹಾಗೆಯೇ. ಅರ್ಧ ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡಿದ್ದ. ಇನ್ನರ್ಧದಲ್ಲಿ ಹುಬ್ಬು, ಮೀಸೆ, ಸಿಟ್ಟು ಎಲ್ಲ ಹಾಗೇ ಇತ್ತು. ಪಕ್ಕದಲ್ಲಿ ರಾಣಿ ಸೀರೆಗಳನ್ನು ಎಣಿಸಿ ಟ್ರಂಕಿಗೆ ತುಂಬುತ್ತಿದ್ದಳು. ಒಂದು ಸೊಂಟಪಟ್ಟಿ ಕಮ್ಮಿ ಬಂದಿದ್ದಕ್ಕೆ ಮಂತ್ರಿಯನ್ನು ಗದರಿಸುತ್ತಿದ್ದಳು.

‘ಏನ್ರೀ, ರಾಜರೇ ವೈರು ಸುತ್ತೋದಾ?’ ಅಂದೆ.

‘ನಾಳಿ ಸಂಜಿಗೆ ಇನ್ನೊಂದ ಊರಾಗ ರಾಜ ಆಗಬೇಕಲ್ರೀ ಸರ. ವೈರ್ ಗಂಟಾತಂದ್ರ ಕತ್ತಲದಾಗ ಆಳಬೇಕಾಗ್ತೈತಿ.’

ಹುಡುಗ ಗದಗದ ಕಡೆಯವನು. ಹಿಂದಿನ ವರ್ಷ ಹೆಗ್ಗೋಡಿನ ನೀನಾಸಮ್‌ನಲ್ಲಿ ನಾಟಕದ ಕೋರ್ಸು ಮುಗಿಸಿ ಈ ವರ್ಷ ಅದರ ಸಂಚಾರಿ ತಂಡ ‘ತಿರುಗಾಟ’ಕ್ಕೆ ಸೇರಿದ್ದ. ಆ ರಾತ್ರಿ ಶಾಲೆಯ ಜಗುಲಿಯಲ್ಲಿ ಅವನ ಜೊತೆ ಕೂತು ಚಿತ್ರಾನ್ನ ತಿನ್ನುತ್ತ ಕೇಳಿದ್ದು, ಆಮೇಲೆ ಹೆಗ್ಗೋಡಿಗೆ ಹೋಗಿಬಂದಾಗ ಕಂಡಿದ್ದು, ಎರಡನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಹೆಗ್ಗೋಡು ಶಿವಮೊಗ್ಗ ಜಿಲ್ಲೆಯ ಸಾಗರಕ್ಕೆ ಹತ್ತಿರದ ಅಡಿಕೆ ತೋಟಗಳ ಹಳ್ಳಿ. ಅಲ್ಲಿ 1949ರಲ್ಲಿ ಊರಿನವರು ಕಟ್ಟಿಕೊಂಡ ಸಂಘಕ್ಕೆ ಅಲ್ಲಿನ ದೇವರ ಹೆಸರನ್ನೇ ಸೇರಿಸಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಎಂದು ಕರೆದರು. ಉದ್ದ ಹೆಸರನ್ನು ಮೊಟಕು ಮಾಡಿದ್ದೇ ನೀನಾಸಮ್. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರಾದ ಕೆ.ವಿ. ಸುಬ್ಬಣ್ಣನವರಿಗೆ ಆಗ ಹದಿನೇಳರ ಆಸುಪಾಸು. ಅಡಿಕೆ ಬೆಳೆಗಾರರ ಮನೆಯ ಹುಡುಗ. ನಾಲ್ಕು ದಶಕ ಕಳೆದು 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗಲೂ ವಿಳಾಸ ಬದಲಾಗಿರಲಿಲ್ಲ. ಮೊಟಕು ಹೆಸರಲ್ಲಿ ಉಳಿಯದೇ ಹೋದ ಆ ‘ಸೇವಾ’ ಎಂಬ ಪದದ ಮೇಲೆ ನನಗೆ ಮೊದಲಿಂದಲೂ ಕಣ್ಣು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾಟಕ ಕಲಿಯುವುದಕ್ಕೆ ಶಾಲೆ ಯಾಕೆ ಎಂದು ಕೇಳುವವರು ಈಗಲೂ ಇದ್ದಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ಕಲಿಯಬೇಕೆಂದವನು ಮನೆ ಬಿಟ್ಟು ಓಡಿಹೋಗುತ್ತಿದ್ದ, ಅಷ್ಟೇ. ಬಿ.ವಿ. ಕಾರಂತರು ಎಳೆವಯಸ್ಸಿನಲ್ಲಿ ಹಾಗೆ ಓಡಿಹೋಗಿ ಸೇರಿದ್ದು ಗುಬ್ಬಿ ಕಂಪನಿಯನ್ನು. ರಾಜ್‌ಕುಮಾರ್ ಅವರೂ ಅದೇ ಕಂಪನಿಯ ಅನ್ನ ಉಂಡವರು. ಅಲ್ಲಿ ಪಾಠಪಟ್ಟಿ ಇರಲಿಲ್ಲ. ಚಹಾ ತರುವುದು, ಪರದೆ ಎಳೆಯುವುದು, ಬಾಲಕೃಷ್ಣನ ಪಾತ್ರ, ಗಂಟಲು ಒಡೆದರೆ ಒಂದೆರಡು ವರ್ಷ ಮತ್ತೆ ಪರದೆ, ಆಮೇಲೆ ಅದೃಷ್ಟವಿದ್ದರೆ ಅರ್ಜುನ. ಕಾರಂತರು ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, 1977ರಲ್ಲಿ ಅದರ ನಿರ್ದೇಶಕರೇ ಆದರು. ಕಂಪನಿಯ ಅಂಗಳದಲ್ಲೂ ಶಾಲೆಯ ಕೊಠಡಿಯಲ್ಲೂ ಕಲಿತವರು ಅವರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಶುರುವಾದಾಗ ಅದರ ಚುಕ್ಕಾಣಿಯೂ ಅವರ ಕೈಗೇ ಬಂತು.

ಇದಕ್ಕೆಲ್ಲ ಮೊದಲೇ ಕಂಪನಿಗಳು ಸೊರಗುತ್ತ ಬಂದಿದ್ದವು. ಓಡಿಹೋಗುತ್ತೇನೆ ಎಂದರೂ ಎಲ್ಲಿಗೆ? ಹೆಗ್ಗೋಡಿನಲ್ಲಿ 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. ಮರುವರ್ಷ ಚಿತ್ರಸಮಾಜ ಕಟ್ಟಿ ಹಳ್ಳಿಗರಿಗೆ ಜಗತ್ತಿನ ಸಿನಿಮಾ ತೋರಿಸಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು. ದಿಲ್ಲಿಯಲ್ಲಿ ಕಲಿತು ಬಂದ ಚಿದಂಬರರಾವ್ ಜಂಬೆ, ಸುಬ್ಬಣ್ಣನವರ ಮಗ ಕೆ.ವಿ. ಅಕ್ಷರ ಅಲ್ಲಿ ಮೇಷ್ಟ್ರುಗಳಾದರು. ಅಲ್ಲೇ ಉಳಿದುಕೊಂಡು ಹೆಚ್ಚುಕಡಿಮೆ ಒಂದು ವರ್ಷ ಓದಬೇಕು. ಪಾಠವೆಲ್ಲ ಕನ್ನಡದಲ್ಲಿ. ಒಂದು ತರಗತಿಗೆ ಹದಿನೈದಿಪ್ಪತ್ತು ಮಂದಿ. ಬೀದರಿನಿಂದ ಚಾಮರಾಜನಗರದವರೆಗಿನ ಕನ್ನಡಗಳೆಲ್ಲ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತವೆ.

‘ಮೊದಲ ಎರಡ ತಿಂಗಳು ಅರಬಿ ಒಣಗಲಿಲ್ಲರೀ’ ಅಂದ ಗದಗದ ಹುಡುಗ. ಎರೆಮಣ್ಣಿನ ನಾಡಿನವನಿಗೆ ಮಲೆನಾಡಿನ ಮಳೆಯೇ ಮೊದಲ ಪಾಠ. ಎರಡನೆಯದು ಅನ್ನ. ರೊಟ್ಟಿ ಇಲ್ಲದೆ ಹೊಟ್ಟೆ ತುಂಬಿದ್ದು ಗೊತ್ತೇ ಆಗುತ್ತಿರಲಿಲ್ಲವಂತೆ. ಮೂರನೆಯದು ಯಕ್ಷಗಾನದ ಹೆಜ್ಜೆ. ತಾಳ ಕಿವಿಗೆ ಹತ್ತಿತು, ಮಂಡಿಗೆ ಹತ್ತಲು ತಿಂಗಳು ಹಿಡಿಯಿತು. ರಾತ್ರಿ ಒಬ್ಬರ ಕಾಲಿಗೆ ಒಬ್ಬರು ಎಣ್ಣೆ ತಿಕ್ಕಿಕೊಂಡು, ಅದೇ ಹೊತ್ತಿನಲ್ಲಿ ಮರುದಿನದ ನಾಟ್ಯಶಾಸ್ತ್ರದ ಟಿಪ್ಪಣಿ ಓದಿಕೊಳ್ಳುತ್ತಿದ್ದರು.

ಮಾತಿನ ತರಗತಿಯ ಬಗ್ಗೆ ಅವನು ಹೇಳಿದ್ದು ನನಗೆ ಹೆಚ್ಚು ಹಿಡಿಸಿತು. ಮಂಡ್ಯದ ಗೆಳೆಯನೊಬ್ಬ ‘ಹಾಲು’ ಎನ್ನಲು ಹೋಗಿ ‘ಆಲು’ ಎನ್ನುತ್ತಿದ್ದನಂತೆ, ‘ಆಸೆ’ ಎನ್ನಬೇಕಾದಲ್ಲಿ ಎಚ್ಚರ ಜಾಸ್ತಿಯಾಗಿ ‘ಹಾಸೆ’ ಎನ್ನುತ್ತಿದ್ದನಂತೆ. ಎಲ್ಲರೂ ನಗುತ್ತಿದ್ದರು. ಮೇಷ್ಟ್ರು ನಗಲಿಲ್ಲ. ನಿನ್ನೂರಿನ ಮಾತು ತಪ್ಪಲ್ಲ, ಆದರೆ ಅದು ಬಾಯಿಗೆ ತಾನಾಗಿ ಬರುವುದು ಬೇರೆ, ಬೇಕೆಂದು ನೀನು ಎತ್ತಿಕೊಳ್ಳುವುದು ಬೇರೆ ಎಂದು ತಿಳಿಹೇಳಿದರು. ಕೋರ್ಸಿನ ಕೊನೆಯ ಹೊತ್ತಿಗೆ ಅದೇ ಮಂಡ್ಯದ ಹುಡುಗ ‘ಹ’ಕಾರವನ್ನು ಬೇಕಾದಾಗ ಜೇಬಿಗೆ ಹಾಕಿ, ಬೇಕಾದಾಗ ತೆಗೆಯುತ್ತಿದ್ದ.

ಅಕ್ಟೋಬರಿನ ಸಂಸ್ಕೃತಿ ಶಿಬಿರಕ್ಕೆ ನಾಡಿನ ಲೇಖಕರು, ಓದುಗರು, ಮೇಷ್ಟ್ರುಗಳು ಬಂದು ಸೇರುತ್ತಾರೆ. ರಾತ್ರಿ ನಾಟಕ, ಬೆಳಗ್ಗೆ ಅದರ ಮೇಲೆ ಚರ್ಚೆ. ತಾನು ಓಡಾಡಿ ಕಟ್ಟಿದ ಪ್ರಯೋಗವನ್ನು ಅಪರಿಚಿತರು ಕಣ್ಣೆದುರೇ ಬಿಚ್ಚಿ ಹರಡುವಾಗ ಬಾಯಿ ಮುಚ್ಚಿಕೊಂಡು ಕೂರುವುದೂ ಒಂದು ಅಭಿನಯವೇ. ಚೆನ್ನಾಗಿ ಬರಲು ವರ್ಷಗಳು ಬೇಕು. ನನಗಿನ್ನೂ ಬಂದಿಲ್ಲ.

ಈಗ ಸೇವೆಯ ವಿಷಯ. ಕಸ ಗುಡಿಸುವುದು, ಪರದೆ ಮಡಚುವುದು, ಮರದ ಚೌಕಟ್ಟಿಗೆ ಮೊಳೆ ಹೊಡೆಯುವುದು ಇವಕ್ಕೆಲ್ಲ ಅಲ್ಲಿ ಬೇರೆ ಆಳಿಲ್ಲ, ಕಲಿಯುವವರೇ ಆಳುಗಳು. ಕಂಪನಿಯ ಹುಡುಗ ಬಡತನಕ್ಕೆ ಮಾಡುತ್ತಿದ್ದುದನ್ನು ಇಲ್ಲಿ ಪಾಠವೆಂದು ಮಾಡಿಸುತ್ತಾರೆ. ಇದು ಸೇವೆಯ ಮೊದಲ ಅರ್ಥ. ಎರಡನೆಯದು ಊರ ಹೊರಗಿನದು. 1983ರಿಂದ 85ರವರೆಗೆ ‘ಜನಸ್ಪಂದನ’ ಎಂಬ ಯೋಜನೆಯಲ್ಲಿ ನೀನಾಸಮ್‌ನವರು ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ರಾಜ್ಯದ ಊರೂರಿಗೆ ಹೋಗಿ ನಾಟಕದ ಶಿಬಿರ, ಸಿನಿಮಾ ರಸಗ್ರಹಣ ಶಿಬಿರ ನಡೆಸಿದರು. ಅದೇ ದಶಕದಲ್ಲಿ ಜಂಬೆಯವರು ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಸಿದ್ದಿ ಸಮುದಾಯದವರಿಂದಲೇ ಒಂದು ನಾಟಕ ಆಡಿಸಿದರು. ನೈಜೀರಿಯಾದ ಚಿನುವಾ ಅಚೆಬೆಯ ಕಾದಂಬರಿಯಿಂದ ಹುಟ್ಟಿದ ‘ಕಪ್ಪು ಜನ ಕೆಂಪು ನೆರಳು’. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ನಮ್ಮ ಕಾಡಂಚಿನಲ್ಲಿ ನೆಲೆಯಾದವರು, ಆಫ್ರಿಕಾದ ಕಥೆಯನ್ನು ಕನ್ನಡದಲ್ಲಿ ಆಡಿದರು. ಕಾಡಿನ ಕೂಲಿಗಳೆಂದು ಮಾತ್ರ ನೋಡುತ್ತಿದ್ದ ಸುತ್ತಲಿನವರು ಅವರನ್ನು ಎದುರು ಕೂತು, ತಲೆಯೆತ್ತಿ ನೋಡಬೇಕಾಯಿತು. ಮುಂದೆ ಸಿದ್ದಿ ಹುಡುಗ ಹುಡುಗಿಯರು ತಾವೇ ಹೆಗ್ಗೋಡಿಗೆ ಕಲಿಯಲು ಬಂದರು. ಸಿನಿಮಾದಲ್ಲಿ ನಾವು ನೋಡುವ ಪ್ರಶಾಂತ್ ಸಿದ್ದಿ ಅವರಲ್ಲೊಬ್ಬರು.

ಹೀಗೆ ನಾಟಕವನ್ನು ಹೊತ್ತು ಬೇರೆ ಬಾಗಿಲು ತಟ್ಟಿದವರು ಹೆಗ್ಗೋಡಿನವರು ಮಾತ್ರ ಅಲ್ಲ. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟಿಮನಿ ಜೈಲಿನೊಳಗೆ ಹೋಗಿ ಕೈದಿಗಳಿಂದ ನಾಟಕ ಕಟ್ಟಿಸಿದರು. ಎಚ್.ಎಸ್. ಶಿವಪ್ರಕಾಶ್ ಮ್ಯಾಕ್‌ಬೆತ್ ಅನ್ನು ಕನ್ನಡಕ್ಕೆ ಒಗ್ಗಿಸಿ ಬರೆದ ‘ಮಾರನಾಯಕ’ ಅವುಗಳಲ್ಲೊಂದು. ಕೊಲೆಯ ನಂತರ ತೊಳೆದರೂ ಹೋಗದ ಕೈಯ ರಕ್ತದ ಕಥೆಯನ್ನು, ಕೊಲೆಯ ಶಿಕ್ಷೆಯನ್ನೇ ಅನುಭವಿಸುತ್ತಿರುವವನೊಬ್ಬ ಆಡುವಾಗ ‘ಪಾತ್ರಕ್ಕೆ ಜೀವ ತುಂಬಿದರು’ ಎಂಬ ನಮ್ಮ ವಿಮರ್ಶೆಯ ಸವಕಲು ಮಾತನ್ನು ಎಲ್ಲಿಡುವುದು?

ಇನ್ನು ಹೊಟ್ಟೆಪಾಡು. ಹೆಗ್ಗೋಡಿಗೆ ಸೇರಿದ ದಿನದಿಂದ ಗದಗದ ಹುಡುಗನಿಗೆ ಅವ್ವ ಪ್ರತಿ ವಾರ ಫೋನು ಮಾಡುತ್ತಿದ್ದಳು. ಅವನು ಕಲಿತದ್ದನ್ನೆಲ್ಲ ಹೇಳುವನು, ಅವಳು ಪೂರ್ತಿ ಕೇಳುವಳು. ಕೊನೆಗೆ ಒಂದೇ ಮಾತು: ‘ಅದೆಲ್ಲಾ ಖರೆ ಐತಪಾ. ಪಗಾರ ಎಷ್ಟ ಬರತೈತಿ?’

ಈ ಪ್ರಶ್ನೆಗೆ ಮೊದಲ ಉತ್ತರವಾಗಿ ಇರುವುದು ತಿರುಗಾಟವೇ. 1985ರಲ್ಲಿ ಶುರುವಾದ ಈ ಸಂಚಾರಿ ತಂಡದಲ್ಲಿ ಕೆಲಸ ಇರುವಷ್ಟು ತಿಂಗಳು ಊಟ, ವಸತಿ, ತಿಂಗಳ ಸಂಬಳ. ಮಳೆಗಾಲದಲ್ಲಿ ತಾಲೀಮು, ಮಳೆ ನಿಂತ ಮೇಲೆ ಊರಿಂದೂರಿಗೆ. ಒಂದೂರಿನಲ್ಲಿ ಎರಡು ಮೂರು ದಿನ, ದಿನಕ್ಕೊಂದು ನಾಟಕ. ಕರೆಸಿಕೊಳ್ಳುವುದು ಆಯಾ ಊರಿನ ಸಂಘ, ಕಾಲೇಜು ಇಲ್ಲವೇ ನಾಲ್ಕು ಜನ ಉತ್ಸಾಹಿಗಳು. ರಂಗಸಜ್ಜಿಕೆ ಮಡಚಿದರೆ ವಾಹನಕ್ಕೆ ತುಂಬಬೇಕು, ಬಿಚ್ಚಿದರೆ ಬಸ್ ನಿಲ್ದಾಣದಷ್ಟು ಸಣ್ಣ ಜಾಗದಲ್ಲೂ ಅರಮನೆಯಾಗಬೇಕು. ಆ ಲೆಕ್ಕಾಚಾರದಿಂದಲೇ ಆ ನಾಟಕಗಳಿಗೊಂದು ಬಿಗಿ, ಒಂದು ಸರಳತೆ ಬಂದಿದೆ ಎಂದು ನನ್ನ ಅನಿಸಿಕೆ.

ತಿರುಗಾಟ ಮುಗಿದ ಮೇಲೆ ದಾರಿ ಕವಲೊಡೆಯುತ್ತದೆ. ಕೆಲವರು ಇನ್ನೂ ಕಲಿಯಬೇಕೆಂದು ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಗೋ ಬೆಂಗಳೂರಿನ ಕಲಾಗ್ರಾಮದಲ್ಲಿರುವ ಅದರ ಕೇಂದ್ರಕ್ಕೋ ಅರ್ಜಿ ಹಾಕುತ್ತಾರೆ. ಅಚ್ಯುತಕುಮಾರ್, ಸತೀಶ್ ನೀನಾಸಂ ಹಾಗೆ ಕೆಲವರು ಸಿನಿಮಾದಲ್ಲಿ ಗಟ್ಟಿಯಾಗಿ ನಿಲ್ಲುತ್ತಾರೆ. ಮೈಸೂರಿನಲ್ಲಿ ‘ನಟನ’ ಕಟ್ಟಿದ ಮಂಡ್ಯ ರಮೇಶರ ಹಾಗೆ ಇನ್ನು ಕೆಲವರು ತಾವೇ ಮತ್ತೊಂದು ಶಾಲೆಯಾಗುತ್ತಾರೆ. ಪೇಪರಿನಲ್ಲಿ ಬರುವುದು ಇವರ ಹೆಸರು. ಬರದೇ ಇರುವವರು ಬಹಳ. ಧಾರಾವಾಹಿಯಲ್ಲಿ ಮನೆಯ ಅಡಿಗೆಭಟ್ಟ, ಕಾಲೇಜುಗಳ ಯುವಜನೋತ್ಸವಕ್ಕೆ ಕಿರುಪ್ರಹಸನ ಕಲಿಸುವವ, ಡಬ್ಬಿಂಗ್ ಸ್ಟುಡಿಯೋದಲ್ಲಿ ಗುಂಪಿನ ಕೂಗು. ಏಪ್ರಿಲ್, ಮೇ ಬಂದರೆ ಇವರಿಗೆಲ್ಲ ಸುಗ್ಗಿ. ಮಕ್ಕಳ ಬೇಸಿಗೆ ಶಿಬಿರ ಒಂದಾದ ಮೇಲೊಂದು ಇರುತ್ತದೆ. ಆ ಎರಡು ತಿಂಗಳ ದುಡಿಮೆಯಲ್ಲಿ ಮಳೆಗಾಲ ಕಳೆಯಬೇಕು. ಸರಕಾರ ಒಮ್ಮೆ ಪ್ರೌಢಶಾಲೆಗಳಿಗೆ ನಾಟಕದ ಮೇಷ್ಟ್ರುಗಳನ್ನು ನೇಮಿಸಿತ್ತು. ಆ ಕೆಲಸ ಸಿಕ್ಕವರನ್ನು ಉಳಿದವರು ಈಗಲೂ ಪುಣ್ಯವಂತರೆಂದು ಕರೆಯುತ್ತಾರೆ. ನಾಡಿನ ಪ್ರೌಢಶಾಲೆಗಳ ಸಂಖ್ಯೆಗೆ ಹೋಲಿಸಿದರೆ ಆ ಪುಣ್ಯ ತೀರ ತೆಳು.

ಹುಡುಗಿಯರಿಗೆ ಇದೇ ದಾರಿ ಇನ್ನೂ ಕಡಿದು. ಸೊಂಟಪಟ್ಟಿ ಹುಡುಕುತ್ತಿದ್ದ ರಾಣಿ ಹೇಳಿದಳು: ‘ಮನೇಲಿ ಒಂದು ವರ್ಷ ಕೊಟ್ಟಿದಾರೆ ಸಾರ್. ಆಮೇಲೆ ಮದುವೆ ಅಂತೆ. ನಾನಿನ್ನೊಂದು ವರ್ಷ ಕೇಳಿದೀನಿ.’ ಸಾಲ ಕೇಳಿದವರ ಧ್ವನಿ ಅದು.

ಸೇವೆಗೆ ಮೂರನೆಯ ಅರ್ಥವೂ ಒಂದಿದೆ. ಅದು ಹೆಗ್ಗೋಡಿನದಲ್ಲ, ನಮ್ಮೆಲ್ಲರದು. ಒಂದು ಊರಿನಲ್ಲಿ ಶಾಲಾ ವಾರ್ಷಿಕೋತ್ಸವಕ್ಕೆ ಇಪ್ಪತ್ತು ದಿನ ನಾಟಕ ಕಲಿಸಿದ ರಂಗವಿದ್ಯಾರ್ಥಿಯೊಬ್ಬನ ಸಂಭಾವನೆಯ ಮಾತು ಬಂದಾಗ ನಾನೂ ಅಲ್ಲಿದ್ದೆ. ಶಾಮಿಯಾನದವನಿಗೆ, ಮೈಕಿನವನಿಗೆ, ಕೇಸರಿಬಾತಿನವನಿಗೆ ಚೀಟಿ ನೋಡಿ ಎಣಿಸಿ ಕೊಟ್ಟರು. ಇವನ ಸರದಿ ಬಂದಾಗ ಕಾರ್ಯದರ್ಶಿಗಳು ಕೈಮುಗಿದರು: ‘ನಿಮ್ಮದು ಕಲಾಸೇವೆ, ಅದಕ್ಕೆ ಬೆಲೆ ಕಟ್ಟೋಕಾಗುತ್ತಾ?’ ಕಟ್ಟಲಿಲ್ಲ. ವೇದಿಕೆಗೆ ಕರೆದು ಶಾಲು ಹೊದಿಸಿದರು. ನಾನು ಬಾಯಿ ಬಿಡಲಿಲ್ಲ, ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಗುಡಿಸುವುದನ್ನು ಸೇವೆಯೆಂದು ಕಲಿತು ಬಂದವನಿಗೆ ನಾವು ಸೇವೆಯೆಂದರೆ ಬಿಟ್ಟಿ ಎಂದು ಕಲಿಸುತ್ತೇವೆ.

ಹಾಗಾಗಿ ಹೆಗ್ಗೋಡಿನ ಸುತ್ತಮುತ್ತ ಓಡಾಡುವಾಗ ಪಕ್ಕದ ಭೀಮನಕೋಣೆಯ ‘ಚರಕ’ವನ್ನು ನೋಡದೆ ಬರಬಾರದು. ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, ‘ಸಮುದಾಯ’ ರಂಗತಂಡದ ಕಾಲದಲ್ಲಿ ಬೀದಿಗೆ ನಾಟಕ ತಂದ ನಿರ್ದೇಶಕ ಪ್ರಸನ್ನ ಇಲ್ಲಿ ನೆಲೆಯೂರಿ, ಹಳ್ಳಿಯ ಹೆಂಗಸರ ಜೊತೆ ಕಟ್ಟಿದ ಕೈಮಗ್ಗದ ಸಹಕಾರ ಸಂಘ ಅದು. ನಾಟಕದವನಿಗೆ ಮಗ್ಗದಲ್ಲೇನು ಕೆಲಸ ಎನ್ನಬಹುದು. ದುಡಿದ ಕೈಗೆ ವಾರದ ಲೆಕ್ಕ ಸರಿಯಾಗಿ ಸೇರಬೇಕೆಂಬ ಹಟವೂ ಸೇವೆಯಲ್ಲಿ ಬರುತ್ತದೆ ಎಂದು ಅಲ್ಲಿ ಕೂತಾಗ ಅನಿಸಿತು.

ಕಳೆದ ಬೇಸಿಗೆಯಲ್ಲಿ ಗದಗಕ್ಕೆ ಹೋದಾಗ ಆ ಹುಡುಗನ ಮನೆ ಹುಡುಕಿಕೊಂಡು ಹೋದೆ. ಅವನು ಮಕ್ಕಳ ಶಿಬಿರಕ್ಕೆಂದು ಊರು ಬಿಟ್ಟಿದ್ದ. ಅವ್ವ ಚಹಾ ಮಾಡಿಕೊಟ್ಟಳು. ಮಗ ಈಗ ತಿಂಗಳಿಗೆ ಒಂದಿಷ್ಟು ಕಳಿಸುತ್ತಾನೆ, ಒಂದೊಂದು ತಿಂಗಳು ಕಳಿಸುವುದಿಲ್ಲ ಎಂದಳು. ಬೀಗತನದವರು ಕೇಳಿದರೆ ‘ಸಾಲಿ ಮಾಸ್ತರ’ ಎನ್ನುತ್ತಾಳಂತೆ. ಅರ್ಧ ನಿಜವೇ. ಮಾಳಿಗೆಯ ಮೇಲೆ ಸಂಡಿಗೆ ಹಾಕಿದ್ದಳು, ಕಾಗೆ ಓಡಿಸಲು ನನ್ನನ್ನೂ ಕರೆದುಕೊಂಡು ಹೋದಳು. ಬಿಸಿಲಿಗೆ ಸಾಲಾಗಿ ಹಾಸಿದ್ದವು, ಜರಿಯಂಚಿನ ಸನ್ಮಾನದ ಶಾಲುಗಳು. ಎಣಿಸಿದೆ, ಒಂಬತ್ತಿದ್ದವು.

‘ಅರಬಿ ಚಲೋ ಅದಾವು’ ಅಂದಳು. ‘ಸಂಡಗಿ ಅಂಟೂದಿಲ್ಲ.’