ಯಂತ್ರ ಬರೆಯುವ ಸುದ್ದಿ: ತಪ್ಪಿಗೆ ಹೊಣೆ ಯಾರು?

ಬೆಳ್ಳೂರು: ಬೆಂಗಳೂರು-ಮಂಗಳೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ಚಿರಪರಿಚಿತ. ಆದರೆ ಬೆಳ್ಳೂರು ಒಂದೇ ಅಲ್ಲ. ಕಾಸರಗೋಡು ಜಿಲ್ಲೆಯಲ್ಲೊಂದು ಬೆಳ್ಳೂರು ಗ್ರಾಮ ಪಂಚಾಯಿತಿ ಇದೆ. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಜನಿಸಿದ ಬೆಳ್ಳೂರು ಕೋಲಾರ ಜಿಲ್ಲೆಯದು. ಹಾಸನ ಜಿಲ್ಲೆಯ ಬೇಲೂರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಒಂದೇ ಅಕ್ಷರದ ವ್ಯತ್ಯಾಸ. ಹೊಯ್ಸಳರ ಕಾಲದ ದೇವಾಲಯಗಳು ಎರಡೂ ಊರುಗಳಲ್ಲಿವೆ. ಸ್ಥಳೀಯ ವರದಿಗಾರನಿಗೆ ಈ ಗೊಂದಲವಿಲ್ಲ. ಸುದ್ದಿ ಬರೆಯಲು ಹೊರಟಿರುವ ಕೃತಕ ಬುದ್ಧಿಮತ್ತೆಗೆ ಇಂತಹ ಗೊಂದಲ ಸಹಜ.

ಏಕೆ ಈ ಗೊಂದಲ?

2022ರ ನವೆಂಬರ್‌ನಲ್ಲಿ ಬಿಡುಗಡೆಯಾದ ಚಾಟ್‌ಜಿಪಿಟಿಯಂತಹ ತಂತ್ರಾಂಶಗಳು ಅಪಾರ ಬರಹಗಳನ್ನು ಅಭ್ಯಸಿಸಿ, ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂದು ಲೆಕ್ಕಹಾಕುತ್ತವೆ. ಘಟನೆ ನಡೆದಿದೆಯೇ ಎಂಬುದು ಆ ಲೆಕ್ಕದಲ್ಲಿಲ್ಲ. ಅಂತರಜಾಲದಲ್ಲಿ ಇಂಗ್ಲಿಷ್‌ಗೆ ಹೋಲಿಸಿದರೆ ಕನ್ನಡ ಬರಹ ಅತ್ಯಲ್ಪ. ಸಣ್ಣ ಊರುಗಳ ಕುರಿತ ಬರಹ ಇನ್ನೂ ಕಡಿಮೆ. ಮಾಹಿತಿ ಇಲ್ಲದೆಡೆಯೂ ಯಂತ್ರ ಸುಮ್ಮನಿರದೆ, ನಂಬುವಂತಹ ವಾಕ್ಯವೊಂದನ್ನು ಜೋಡಿಸಿಬಿಡುತ್ತದೆ.

ಬದುಕಿದ್ದವರ ನಿಧನವಾರ್ತೆ

ಇದರ ಅಪಾಯ 2025ರ ಜುಲೈನಲ್ಲಿ ರಾಜ್ಯಕ್ಕೇ ಅರಿವಾಯಿತು. ಜುಲೈ 14ರಂದು ಹಿರಿಯ ನಟಿ ಬಿ. ಸರೋಜಾದೇವಿ ನಿಧನರಾದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಅಂತಿಮ ದರ್ಶನ ಪಡೆದ ಕುರಿತ ಕನ್ನಡ ಸಂದೇಶವನ್ನು ಫೇಸ್‌ಬುಕ್‌ನ ಸ್ವಯಂಚಾಲಿತ ಅನುವಾದ ವ್ಯವಸ್ಥೆಯು ಮುಖ್ಯಮಂತ್ರಿಯವರೇ ನಿಧನರಾದರೆಂಬ ಅರ್ಥದಲ್ಲಿ ಇಂಗ್ಲಿಷ್‌ಗೆ ತಿರುಗಿಸಿತು. ಕನ್ನಡದಲ್ಲಿ 'ನಿಧನರಾದ' ಎಂಬ ಪದ ತನ್ನ ಮುಂದಿನ ಹೆಸರಿಗೆ ಅನ್ವಯಿಸುತ್ತದೆ. ಯಂತ್ರ ಅದನ್ನು ಹಿಂದಿನ ಹೆಸರಿಗೆ ಅಂಟಿಸಿದಂತಿತ್ತು. ಶಾಲಾ ಬಾಲಕನೂ ಮಾಡದ ತಪ್ಪಿದು. ಅನುವಾದ ನಿಖರವಾಗುವವರೆಗೆ ಕನ್ನಡದಲ್ಲಿ ಈ ಸೌಲಭ್ಯ ನಿಲ್ಲಿಸುವಂತೆ ಮುಖ್ಯಮಂತ್ರಿ ಕಚೇರಿ ಪತ್ರ ಬರೆಯಿತು. ಮೆಟಾ ಸಂಸ್ಥೆ ಕ್ಷಮೆ ಕೋರಿ, ದೋಷ ಸರಿಪಡಿಸಿರುವುದಾಗಿ ತಿಳಿಸಿತು.

ಮುಖ್ಯಮಂತ್ರಿಯವರ ವಿಷಯವಾದ್ದರಿಂದ ತಪ್ಪು ಕೂಡಲೇ ಬೆಳಕಿಗೆ ಬಂತು. ಬೆಳ್ಳೂರಿನ ರೈತನೊಬ್ಬನ ಕುರಿತು ಹೀಗಾಗಿದ್ದರೆ ಪತ್ರ ಬರೆಯುವವರು ಯಾರು?

ಸುದ್ದಿಮನೆಗೆ ಪ್ರವೇಶ

ಕನ್ನಡದ ಪವರ್ ಟಿವಿ 2023ರ ಜುಲೈನಲ್ಲಿಯೇ 'ಸೌಂದರ್ಯ' ಎಂಬ ಕೃತಕ ವಾರ್ತಾವಾಚಕಿಯನ್ನು ಪರಿಚಯಿಸಿತು. 2024ರ ಮೇ ತಿಂಗಳಲ್ಲಿ ಡಿಡಿ ಕಿಸಾನ್ ವಾಹಿನಿಯಲ್ಲಿ 'ಎಐ ಕೃಷ್', 'ಎಐ ಭೂಮಿ' ಬಂದರು. ಭಾಷಣದ ಧ್ವನಿಮುದ್ರಣವನ್ನು ಬರಹಕ್ಕಿಳಿಸುವುದು, ಉದ್ದದ ಸರ್ಕಾರಿ ವರದಿಯ ಸಾರ ತೆಗೆಯುವುದು ಮುಂತಾದ ಕೆಲಸಗಳಲ್ಲಿ ಈ ತಂತ್ರಜ್ಞಾನ ನಿಜಕ್ಕೂ ಸಮಯ ಉಳಿಸುತ್ತದೆ. ಆದರೆ ಕೆರೆ ಕೋಡಿ ಬಿದ್ದಿದೆಯೇ ಎಂದು ಏರಿಯ ಮೇಲೆ ನಿಂತು ನೋಡಲು, ಪಂಚಾಯಿತಿ ಸಭೆಯಲ್ಲಿ ಕುಳಿತು ಕೇಳಲು ಅದಕ್ಕೆ ಸಾಧ್ಯವಿಲ್ಲ. ಯಾರೋ ಒಬ್ಬರು ಹೋಗಿ ಬರೆದ ಮೇಲಷ್ಟೇ ಯಂತ್ರಕ್ಕೆ ಹೇಳಲು ಏನಾದರೂ ಇರುತ್ತದೆ. ವೆಚ್ಚ ಉಳಿಸಲು ಗ್ರಾಮಾಂತರ ವರದಿಗಾರರನ್ನು ಕೈಬಿಟ್ಟರೆ ಆ ಮೂಲವೇ ಬತ್ತಿಹೋಗುತ್ತದೆ.

ಕಾನೂನು ಏನು ಹೇಳುತ್ತದೆ?

2026ರ ಫೆಬ್ರುವರಿ 20ರಿಂದ ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳ ತಿದ್ದುಪಡಿಯು, ನೈಜವೆಂಬಂತೆ ತೋರುವ ಕೃತಕ ಧ್ವನಿ, ಚಿತ್ರ ಹಾಗೂ ವಿಡಿಯೊಗಳಿಗೆ ಗುರುತು ಹಾಕುವುದನ್ನು ಕಡ್ಡಾಯಗೊಳಿಸಿದೆ. ಬರಹರೂಪದ ಸುದ್ದಿ ಈ ವ್ಯಾಖ್ಯೆಯಡಿ ಬರುವುದಿಲ್ಲ. ಹೀಗಾಗಿ ಅಲ್ಲಿನ ಹೊಣೆ ಸುದ್ದಿಸಂಸ್ಥೆಯ ಮೇಲೆಯೇ ಉಳಿಯುತ್ತದೆ. ಪತ್ರಿಕೆಯ ಪ್ರತಿ ಸಂಚಿಕೆಯಲ್ಲೂ ಸಂಪಾದಕರ ಹೆಸರು ಅಚ್ಚಾಗುವುದು ಇದೇ ಕಾರಣಕ್ಕೆ: ತಪ್ಪಾದಾಗ ಉತ್ತರಿಸಲು ಒಬ್ಬ ಮನುಷ್ಯ ಇರಬೇಕು. ಯಂತ್ರವನ್ನು ಬಳಸಿದ್ದರೆ ಓದುಗರಿಗೆ ತಿಳಿಸುವುದು, ಊರು, ಹೆಸರು, ಸಾವು-ನೋವಿನ ವಿವರಗಳನ್ನು ಸ್ಥಳೀಯರಿಂದ ಖಚಿತಪಡಿಸಿಕೊಳ್ಳದೆ ಪ್ರಕಟಿಸದಿರುವುದು, ಇವೆರಡು ಕನಿಷ್ಠ ಶಿಸ್ತು. ಯಾವ ಬೆಳ್ಳೂರು ಎಂದು ತಿಳಿಯಲು ಇಂದಿಗೂ ಒಂದು ದೂರವಾಣಿ ಕರೆ ಸಾಕು.