ಹಿತ್ತಲ ಬೇಲಿಗೆ ಬಳ್ಳಿ ಗುಲಾಬಿ: ಕತ್ತರಿ ಎತ್ತುವ ಮುನ್ನ ತಾಳಿ

ಅಕ್ಕಲಕೋಟ: ‘ಕುಡಿಯಾಕ ನೀರಿಲ್ಲ, ಹೂವಿನ ಗಿಡಕ್ಕ ಎಲ್ಲಿಂದ ತರೂದು?’ ಬೇಸಿಗೆ ಬಂತೆಂದರೆ ತಾಲ್ಲೂಕಿನ ದುಧನಿ, ಮೈಂದರ್ಗಿ ಕಡೆ ಈ ಮಾತು ಸಹಜ. ಆದರೂ ಹಿತ್ತಲ ತಂತಿ ಬೇಲಿಗೊಂದು ಬಳ್ಳಿ ಗುಲಾಬಿ ಹಬ್ಬಿಸುವ ಆಸೆ ಬಿಡದು. ಅಕ್ಕಿ, ತರಕಾರಿ ತೊಳೆದ ನೀರು ಹೊತ್ತು ಹಾಕಿ ಎರಡು ವರ್ಷ ಬೆಳೆಸಿದ ಬಳ್ಳಿ ಮಾಳಿಗೆ ಮುಟ್ಟುತ್ತದೆ, ಹೂ ಮಾತ್ರ ತುದಿಗೆ ನಾಲ್ಕು. ಬೇಸರಪಟ್ಟು ಬುಡಕ್ಕೇ ಕತ್ತರಿ ಹಾಕಿದರೆ ಅಷ್ಟು ದಿನ ಹೊತ್ತ ನೀರೆಲ್ಲ ಮಣ್ಣುಪಾಲು.

ಇಲ್ಲಿ ತಪ್ಪು ಗಿಡದ್ದಲ್ಲ, ಕಟ್ಟುವ ರೀತಿಯದು. ಮರಾಠಿಯಲ್ಲಿ ‘ವೇಲಿ ಗುಲಾಬ್’ ಎಂದರೂ ಇದು ಅವರೆ, ಹೀರೆಯಂತೆ ತಾನಾಗಿ ಹಬ್ಬುವ ಬಳ್ಳಿಯಲ್ಲ. ಉದ್ದ ಟೊಂಗೆಗಳನ್ನು ನಾವೇ ಕಟ್ಟಬೇಕು. ನೆಟ್ಟಗೆ ಮೇಲಕ್ಕೆ ಬಿಟ್ಟರೆ ತುದಿಯ ಚಿಗುರು ಕೆಳಗಿನ ಕಣ್ಣುಗಳನ್ನು ಮೇಲೇಳಗೊಡದು. ಎಳೆಯದಿರುವಾಗಲೇ ಟೊಂಗೆಯನ್ನು ಮೆಲ್ಲಗೆ ಬಗ್ಗಿಸಿ, ತಂತಿಗುಂಟ ಅಡ್ಡಲಾಗಿ ಕಟ್ಟಿದರೆ ಕಣ್ಣು ಕಣ್ಣಿಗೂ ಚಿಗುರೊಡೆದು ಉದ್ದಕ್ಕೂ ಹೂ ಬಿಡುತ್ತದೆ. ಕಟ್ಟಲು ಹಳೆ ಸೀರೆ ಅಂಚು ಸಾಕು, ಬಿಗಿ ಮಾತ್ರ ಬೇಡ.

ನಾಟಿಗೆ ಮುಂಗಾರಿನ ಆರಂಭ ಒಳ್ಳೆಯದು. ಬೇಲಿಯಿಂದ ಒಂದಡಿ ಬಿಟ್ಟು ಎರಡಡಿ ಆಳದ ಗುಂಡಿ ತೆಗೆಯಬೇಕು. ಎರಿಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ಬೇರು ಕೊಳೆಯಿಸುವುದರಿಂದ ಗರಸು ಹಾಗೂ ಕಳಿತ ತಿಪ್ಪೆಗೊಬ್ಬರ ಬೆರೆಸಬೇಕು. ದಿನಕ್ಕೆ ಐದಾರು ತಾಸು ಬಿಸಿಲು ಬೀಳುವ ಜಾಗವಿರಲಿ.

ಬೇಸಿಗೆಗೆ ಬುಡದ ಪಕ್ಕ ಮಣ್ಣಿನ ಗಡಿಗೆಯನ್ನು ಕುತ್ತಿಗೆಮಟ ಹೂತು, ನೀರು ತುಂಬಿ ಬಾಯಿ ಮುಚ್ಚಿದರೆ ನೀರು ನಿಧಾನವಾಗಿ ಒಸರಿ ಬೇರಿಗೆ ಸೇರುತ್ತದೆ. ಮೇಲೆ ಕಬ್ಬಿನ ರವದಿ ಹೊದಿಸಿದರೆ ಹಸಿ ಬೇಗ ಆರುವುದಿಲ್ಲ. ಸಾಬೂನು, ಸೋಡಾದ ನೀರು ಮಾತ್ರ ಬೇಡ.

ಇನ್ನು ಕತ್ತರಿ ಮಾತು. ಪೊದೆ ಗುಲಾಬಿಯನ್ನು ಮಳೆ ಮುಗಿದ ಮೇಲೆ ಅಕ್ಟೋಬರ್ ಸುಮಾರಿಗೆ ಗಟ್ಟಿಯಾಗಿ ಕತ್ತರಿಸುವುದು ವಾಡಿಕೆ. ಬಳ್ಳಿಗೆ ಹಾಗೆ ಮಾಡಿದರೆ ಹೂ ಬಿಡಬೇಕಾದ ಟೊಂಗೆಯೇ ಹೋಯಿತು. ಮೊದಲೆರಡು ವರ್ಷ ಒಣಗಿದ್ದನ್ನಷ್ಟೇ ತೆಗೆಯಬೇಕು. ಆಮೇಲೆ ಹೂ ಬಿಟ್ಟ ಪಕ್ಕದ ಕುಡಿಗಳನ್ನು ಎರಡು-ಮೂರು ಕಣ್ಣು ಉಳಿಸಿ ಸವರಬೇಕು. ಬುಡದಿಂದ ಹೊಸ ಟೊಂಗೆ ಬಂದಿದ್ದರೆ ಮಾತ್ರ ತೀರ ಹಳೆಯದೊಂದನ್ನು ತೆಗೆಯಬಹುದು.

ಆದರೆ ಕಸಿ ಗಂಟಿನ ಕೆಳಗೆ ಬರುವ ಚಿಗುರಿಗೆ ಕರುಣೆ ಬೇಡ. ಅದು ಕಾಡುಗುಲಾಬಿಯದು. ಬಿಟ್ಟರೆ ಹಾಕಿದ ನೀರು-ಗೊಬ್ಬರ ತಾನೇ ತಿಂದು, ಮೇಲಿನ ಒಳ್ಳೆ ಗಿಡವನ್ನು ಸೊರಗಿಸುತ್ತದೆ. ಹುಟ್ಟಿದಲ್ಲಿಂದಲೇ ಕಿತ್ತು ಹಾಕಬೇಕು.

ನರ್ಸರಿಯಲ್ಲಿ ಬಳ್ಳಿ ತಳಿಯೇ ಹೌದೇ ಎಂದು ಕೇಳಿ ಕೊಳ್ಳಬೇಕು. 1958ರಲ್ಲಿ ಜರ್ಮನಿಯಿಂದ ಬಂದ ಬಿಳಿ ‘ಐಸ್‌ಬರ್ಗ್’ ಪೊದೆ ಗಿಡ; ಅದರಿಂದಲೇ ಹುಟ್ಟಿದ ‘ಕ್ಲೈಂಬಿಂಗ್ ಐಸ್‌ಬರ್ಗ್’ ಬೇಲಿಗೆ ಹೊಂದುವಂಥದ್ದು, ಮುಳ್ಳೂ ಕಡಿಮೆ. ಹೆಸರಲ್ಲಿ ಒಂದು ಪದ ತಪ್ಪಿದರೂ ಬೇಲಿ ಬರಿದಾಗೇ ಉಳಿದೀತು.

ನೀರಿನ ತ್ರಾಸು ಇದ್ದಲ್ಲಿ ಐದು ಗಿಡ ನೆಟ್ಟು ಐದನ್ನೂ ಒಣಗಿಸುವುದಕ್ಕಿಂತ ಒಂದೇ ನೆಟ್ಟು ಉಳಿಸಿಕೊಳ್ಳುವುದು ಜಾಣತನ. ಸರಿಯಾಗಿ ಅಡ್ಡ ಕಟ್ಟಿದರೆ ಆ ಒಂದೇ ಗಿಡ ಎಂಟು-ಹತ್ತು ಅಡಿ ಬೇಲಿ ತುಂಬೀತು. ದೇವರ ಜಗಲಿಗೂ ಹೂ, ಮನೆ ಮಗಳ ಜಡೆಗೂ ಹೂ.