ಹಳೆಯ ಛಾಯಾಚಿತ್ರದಲ್ಲಿನ ಮೋಟಾರು ಕಾರು: ಗುರುತಿಸುವ ಬಗೆ

ಹಳೆಯ ಮನೆತನಗಳ ಸಂದೂಕಗಳಲ್ಲಿಯೂ ಪಡಸಾಲೆಯ ಗೋಡೆಗಳ ಮೇಲೆಯೂ ಉಳಿದುಬಂದ ಛಾಯಾಚಿತ್ರಗಳಲ್ಲಿ ಒಂದು ಬಗೆಯ ಚಿತ್ರ ಮತ್ತೆಮತ್ತೆ ಕಾಣಸಿಗುತ್ತದೆ. ರುಮಾಲು ಸುತ್ತಿ, ಉದ್ದನೆಯ ಕೋಟು ತೊಟ್ಟ ಯಜಮಾನರು ಮೋಟಾರು ಕಾರಿನ ಬಾಗಿಲಿಗೆ ಕೈಯಿಟ್ಟು ನಿಂತಿರುತ್ತಾರೆ. ಫುಟ್‌ಬೋರ್ಡಿನ ಮೇಲೆ ಮಕ್ಕಳು ಕುಳಿತಿರುತ್ತಾರೆ. ಡ್ರೈವರು ಸ್ಟೀರಿಂಗಿನ ಹಿಂದೆ ಬಿಗುಮಾನದಿಂದ ನೇರ ನೋಡುತ್ತಿರುತ್ತಾನೆ. ಚಿತ್ರದ ಬೆನ್ನಿನ ಮೇಲೆ ಇಸವಿಯಿಲ್ಲ, ಹೆಸರುಗಳಿಲ್ಲ. ಇದು ಯಾವ ಕಾಲದ್ದು, ಮಕ್ಕಳು ಯಾರು ಎಂದು ವಿಚಾರಿಸಿದರೆ ಮನೆಯವರು ಒಬ್ಬೊಬ್ಬರು ಒಂದೊಂದು ಉತ್ತರ ಕೊಡುವರು. ಇಂತಹ ಸಂದರ್ಭದಲ್ಲಿ ಪಕ್ಷಪಾತವಿಲ್ಲದ ಸಾಕ್ಷಿ ಆ ಚಿತ್ರದೊಳಗೇ ಇರುತ್ತದೆ. ಅದೇ ಆ ಕಾರು.

ಇಸವಿಯಿಲ್ಲದ ಶಾಸನ ದೊರೆತಾಗ ವಿದ್ವಾಂಸರು ಅಕ್ಷರಗಳ ರೂಪವನ್ನು ಪರೀಕ್ಷಿಸಿ ಅದರ ಕಾಲವನ್ನು ಊಹಿಸುವುದುಂಟು. ಲಿಪಿಯು ಶತಮಾನಗಳಲ್ಲಿ ಮೆಲ್ಲನೆ ಬದಲಾಗುತ್ತದೆ. ಕಾರಿನ ಆಕಾರವಾದರೋ ಕೆಲವೇ ವರ್ಷಗಳಲ್ಲಿ ಬದಲಾಗುತ್ತ ಬಂದಿತು. ಧೋತರ, ರುಮಾಲು, ಸೀರೆಗಳ ರೀತಿ ಒಂದು ತಲೆಮಾರಿನವರೆಗೆ ಹಾಗೆಯೇ ಉಳಿದಿರಬಹುದು. ಆದರೆ ಕಾರಿನ ಕಾರ್ಖಾನೆಯವರು ಯಾವ ವರ್ಷ ಯಾವ ದೀಪ, ಯಾವ ಚಕ್ರ, ಯಾವ ಮುಖಭಾಗವನ್ನು ಜೋಡಿಸಿದರೆಂಬುದು ದಾಖಲೆಯಾಗಿ ಉಳಿದಿದೆ. ಆದಕಾರಣ ಕಾರನ್ನು ಓದಬಲ್ಲವರಿಗೆ ಚಿತ್ರದ ಕಾಲವೂ ಬಹುಮಟ್ಟಿಗೆ ತಿಳಿಯುತ್ತದೆ.

ಸಾಕ್ಷಿಯ ಮಿತಿ

ಇಲ್ಲಿ ಮೊದಲೇ ಮನದಟ್ಟು ಮಾಡಿಕೊಳ್ಳಬೇಕಾದ ನಿಯಮವೊಂದಿದೆ. ಕಾರು ಚಿತ್ರದ ಕಾಲಕ್ಕೆ ಕೆಳಮೇರೆಯನ್ನು ಮಾತ್ರ ಹಾಕುತ್ತದೆ, ಮೇಲ್ಮೇರೆಯನ್ನು ಹಾಕುವುದಿಲ್ಲ. 1930ರಲ್ಲಿ ತಯಾರಾದ ಕಾರು 1929ರ ಚಿತ್ರದಲ್ಲಿ ಇರಲಾರದು; ಆದರೆ 1945ರ ಚಿತ್ರದಲ್ಲಿ ಇರಲು ಯಾವ ಅಡ್ಡಿಯೂ ಇಲ್ಲ. ನಮ್ಮ ದೇಶದಲ್ಲಂತೂ ಒಂದು ಕಾರನ್ನು ಇಪ್ಪತ್ತು ಮೂವತ್ತು ವರ್ಷ ಬಳಸುವುದು, ಒಬ್ಬರಿಂದ ಒಬ್ಬರಿಗೆ ಮಾರುವುದು ಸಾಮಾನ್ಯವಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಫೆಬ್ರವರಿಯಿಂದ 1945ರವರೆಗೆ, ಅಮೆರಿಕದ ಕಾರ್ಖಾನೆಗಳು ಜನಸಾಮಾನ್ಯರಿಗಾಗಿ ಕಾರು ತಯಾರಿಸುವುದನ್ನೇ ನಿಲ್ಲಿಸಿದ್ದವು. ಆಗ ಇದ್ದ ಹಳೆಯ ಗಾಡಿಗಳನ್ನೇ ದುರಸ್ತಿ ಮಾಡಿ ಓಡಿಸುವುದು ಅನಿವಾರ್ಯವಾಯಿತು. ಆದ್ದರಿಂದ ಮೇಲ್ಮೇರೆಯನ್ನು ಚಿತ್ರದಲ್ಲಿರುವವರ ವಯಸ್ಸು, ಕಟ್ಟಡಗಳು, ಮನೆಯ ಕಾಗದಪತ್ರಗಳು ಮುಂತಾದ ಬೇರೆ ಆಧಾರಗಳಿಂದ ನಿರ್ಧರಿಸಬೇಕಾಗುತ್ತದೆ.

ಮೊದಲು ನೋಡತಕ್ಕ ಅಂಗಗಳು

ಕಾರಿನ ಹೆಸರನ್ನು ಹುಡುಕುವುದಕ್ಕೆ ಮೊದಲು ಅದರ ದಶಕವನ್ನು ಗೊತ್ತುಮಾಡಿಕೊಳ್ಳುವುದು ಲೇಸು. ಇದಕ್ಕೆ ಭೂತಗನ್ನಡಿಯೊಂದು ಸಾಕು. ಚಿತ್ರವನ್ನು ಸ್ಕ್ಯಾನ್ ಮಾಡಿ ಹಿಗ್ಗಿಸಿ ನೋಡಿದರೆ ಇನ್ನೂ ಅನುಕೂಲ.

ದೀಪಗಳು: ಆರಂಭದ ಕಾರುಗಳಲ್ಲಿ ಕಾರ್ಬೈಡ್ ಗ್ಯಾಸಿನಿಂದ ಉರಿಯುವ ದೊಡ್ಡ ಹಿತ್ತಾಳೆಯ ದೀಪಗಳಿದ್ದವು. 1912ರ ಕ್ಯಾಡಿಲಾಕ್ ಕಾರಿನಲ್ಲಿ ವಿದ್ಯುತ್ತಿನಿಂದ ಎಂಜಿನನ್ನು ಚಾಲೂ ಮಾಡುವ ವ್ಯವಸ್ಥೆ ಬಂದ ತರುವಾಯ ವಿದ್ಯುದ್ದೀಪಗಳು ಬೇಗನೆ ಹರಡಿದವು. ಮುಂದೆ ಬಹುಕಾಲ ದೀಪಗಳು ಬಟ್ಟಲುಗಳಂತೆ ಪ್ರತ್ಯೇಕವಾಗಿ ನಿಂತಿದ್ದವು. 1930ರ ದಶಕದ ಉತ್ತರಾರ್ಧದಲ್ಲಿ ಅವು ಮಡ್‌ಗಾರ್ಡಿನೊಳಗೆ ಹುದುಗತೊಡಗಿದವು.

ಚಕ್ರಗಳು: ಎತ್ತಿನ ಗಾಡಿಯ ಚಕ್ರವನ್ನು ನೆನಪಿಗೆ ತರುವ ದಪ್ಪ ಮರದ ಅರೆಕಾಲುಗಳು ಹೆಚ್ಚಾಗಿ 1920ರ ದಶಕದವರೆಗಿನ ಗುರುತು. ತಂತಿಯ ಅರೆಕಾಲುಗಳು 1920ರ ದಶಕದ ಕೊನೆಯಲ್ಲಿ ಮತ್ತು 1930ರ ದಶಕದ ಮೊದಲಲ್ಲಿ ಬಹುಪ್ರಚಾರದಲ್ಲಿದ್ದವು. ಅನಂತರ ಒತ್ತಿ ಮಾಡಿದ ಉಕ್ಕಿನ ತಟ್ಟೆಯ ಚಕ್ರಗಳು ಬಂದವು. ಮುಂದಿನ ಚಕ್ರಗಳ ನಡುವೆ ಬ್ರೇಕಿನ ದುಂಡನೆಯ ಡ್ರಮ್ಮು ಕಂಡರೆ ಆ ಕಾರು ಸಾಮಾನ್ಯವಾಗಿ 1920ರ ದಶಕದ ನಡುಭಾಗಕ್ಕಿಂತ ಹಿಂದಿನದಲ್ಲ. ಅದಕ್ಕೂ ಮೊದಲು ಬಹುತೇಕ ಕಾರುಗಳಿಗೆ ಹಿಂದಿನ ಚಕ್ರಗಳಿಗಷ್ಟೇ ಬ್ರೇಕು ಇರುತ್ತಿತ್ತು.

ಮಡ್‌ಗಾರ್ಡು ಮತ್ತು ಫುಟ್‌ಬೋರ್ಡು: ಹಳೆಯ ಕಾರುಗಳಲ್ಲಿ ಮಡ್‌ಗಾರ್ಡು ತೆಳುವಾದ ಕೊಡೆಯಂತೆ ಚಕ್ರದ ಮೇಲೆ ಬಾಗಿರುತ್ತಿತ್ತು. 1933ರ ಆಸುಪಾಸಿನಿಂದ ಅದರ ಬದಿಗಳು ಕೆಳಗಿಳಿದು ಚಕ್ರವನ್ನು ಮರೆಮಾಡತೊಡಗಿದವು. 1940ರ ದಶಕದ ಕೊನೆಯ ಹೊತ್ತಿಗೆ ಮಡ್‌ಗಾರ್ಡು ಮೈಯೊಳಗೆ ಕರಗಿತು, ಫುಟ್‌ಬೋರ್ಡು ಮಾಯವಾಯಿತು.

ಹೆಚ್ಚುವರಿ ಚಕ್ರ: ನಮ್ಮಲ್ಲಿ ಎಲ್ಲರೂ ಇದನ್ನು ‘ಸ್ಟೆಪ್ನಿ’ ಎನ್ನುತ್ತಾರೆ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಲನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು 1904ರಲ್ಲಿ ಇಂತಹ ಚಕ್ರವನ್ನು ರೂಪಿಸಿ ಮಾರತೊಡಗಿದ್ದರಿಂದ ಆ ಬೀದಿಯ ಹೆಸರೇ ನಮ್ಮ ಮಾತಿನಲ್ಲಿ ನಿಂತುಹೋಯಿತು. ಸ್ಟೆಪ್ನಿಯು ಬದಿಗೆ ಕಟ್ಟಲ್ಪಟ್ಟಿದೆಯೋ, ಹಿಂದುಗಡೆ ತೂಗುಹಾಕಲ್ಪಟ್ಟಿದೆಯೋ, ಡಿಕ್ಕಿಯೊಳಗೆ ಅಡಗಿದೆಯೋ ಎಂಬುದನ್ನೂ ಗಮನಿಸಬೇಕು.

ಫೋರ್ಡ್ ಕಾರುಗಳ ನಿದರ್ಶನ

ದಶಕ ಗೊತ್ತಾದ ಮೇಲೆ ತಯಾರಕರ ಗುರುತನ್ನು ಹುಡುಕುವುದು. ಇದಕ್ಕೆ ಫೋರ್ಡ್ ಕಾರುಗಳಿಗಿಂತ ಉತ್ತಮ ನಿದರ್ಶನ ಬೇರೊಂದಿಲ್ಲ. ಬ್ರಿಟಿಷ್ ಸಾಮ್ರಾಜ್ಯದ ಬಹುಭಾಗಕ್ಕೆ, ಅದರಲ್ಲಿ ಭಾರತಕ್ಕೂ, ಕೆನಡಾದ ಫೋರ್ಡ್ ಕಂಪನಿಯು ಬಲಬದಿಗೆ ಸ್ಟೀರಿಂಗ್ ಇರುವ ಕಾರುಗಳನ್ನು ಒದಗಿಸುತ್ತಿತ್ತು.

ಮಾಡಲ್ ಟಿ ಎಂಬ ಫೋರ್ಡ್ ಕಾರು 1908ರ ಅಕ್ಟೋಬರಿನಿಂದ 1927ರ ಮೇ ತಿಂಗಳವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ತಯಾರಾಯಿತು. ಇಷ್ಟು ದೀರ್ಘ ಕಾಲ ಒಂದೇ ಹೆಸರಿನಲ್ಲಿ ನಡೆದರೂ ಅದರ ವಯಸ್ಸನ್ನು ಮುಖದ ಮೇಲೆ ಓದಬಹುದು. ರೇಡಿಯೇಟರಿನ ಚೌಕಟ್ಟು ಹಿತ್ತಾಳೆಯದಾಗಿ ಹೊಳೆಯುತ್ತಿದ್ದರೆ ಅದು 1916ರವರೆಗಿನ ಮಾದರಿ. ಕಪ್ಪು ಬಣ್ಣದ್ದಾಗಿದ್ದು ಬಾನೆಟ್ಟು ದುಂಡಗಿದ್ದರೆ 1917ರ ಮಾದರಿ ಅಥವಾ ಅದರ ಅನಂತರದ್ದು. ಹಿತ್ತಾಳೆಯ ರೇಡಿಯೇಟರಿದ್ದು ಮುಂದೀಪಗಳು ವಿದ್ಯುತ್ತಿನವಾಗಿದ್ದರೆ ಕಾಲವು 1915–16ರ ಮಾದರಿಗೆ ಕಿರಿದಾಗುತ್ತದೆ.

1927ರ ಡಿಸೆಂಬರಿನಲ್ಲಿ ಜನರ ಮುಂದೆ ಬಂದ ಮಾಡಲ್ ಎ ಸುಮಾರು 48 ಲಕ್ಷದಷ್ಟು ತಯಾರಾಯಿತು. ತಂತಿಯ ಚಕ್ರಗಳು, ಎರಡು ಪಟ್ಟಿಗಳ ಬಂಪರು, ಮುಂದಿನ ಚಕ್ರಗಳಿಗೂ ಬ್ರೇಕು ಇವು ಇದರ ಲಕ್ಷಣಗಳು. 1928–29ರ ಮಾದರಿಯಲ್ಲಿ ಚಕ್ರದ ಒಳಅಳತೆ 21 ಅಂಗುಲ. 1930–31ರ ಮಾದರಿಯಲ್ಲಿ 19 ಅಂಗುಲ. ಎರಡನೆಯದರ ರೇಡಿಯೇಟರು ಹೆಚ್ಚು ಎತ್ತರ. 1932ರಲ್ಲಿ ವಿ-8 ಬಂದಿತು. ಅದರ ಮುಂದೀಪಗಳ ನಡುವಣ ಕಂಬಿಯ ಮೇಲೆ ‘ವಿ-8’ ಚಿಹ್ನೆ ಇರುತ್ತದೆ. 1933–34ರಲ್ಲಿ ಮುಖಭಾಗ ಹಿಂದಕ್ಕೆ ವಾಲಿತು. 1937ರಲ್ಲಿ ದೀಪಗಳು ಮಡ್‌ಗಾರ್ಡನ್ನು ಸೇರಿದವು.

ಮುಖಭಾಗ ಕಾಣದೆ ಕಾರು ಸರಿಯಾಗಿ ಪಕ್ಕದಿಂದ ಕಾಣುವಂತಿದ್ದರೆ ಅಳತೆಪಟ್ಟಿಯ ಸಹಾಯ ಪಡೆಯಬಹುದು. ಮುಂದಿನ ಚಕ್ರದ ಕೇಂದ್ರದಿಂದ ಹಿಂದಿನ ಚಕ್ರದ ಕೇಂದ್ರಕ್ಕಿರುವ ದೂರವನ್ನು ಟೈರಿನ ಎತ್ತರದಿಂದ ಭಾಗಿಸಬೇಕು. ಮಾಡಲ್ ಟಿ ಕಾರಿನಲ್ಲಿ ಆ ದೂರ 100 ಅಂಗುಲ, ಟೈರು ಸುಮಾರು 30 ಅಂಗುಲ, ಭಾಗಲಬ್ಧ 3.3. ಮಾಡಲ್ ಎ ಕಾರಿನಲ್ಲಿ ದೂರ 103.5 ಅಂಗುಲ, 1930–31ರ ಟೈರು ಸುಮಾರು 28.5 ಅಂಗುಲವಾದ್ದರಿಂದ ಭಾಗಲಬ್ಧ 3.6. ಚಿತ್ರ ಎಷ್ಟೇ ಚಿಕ್ಕದಾಗಿರಲಿ, ಈ ಪ್ರಮಾಣ ಬದಲಾಗುವುದಿಲ್ಲ. ಶಾಲೆಯ ಮಕ್ಕಳಿಗೆ ಅನುಪಾತದ ಪಾಠ ಹೇಳುವ ಅಧ್ಯಾಪಕರು ಇದನ್ನು ಸೊಗಸಾದ ಅಭ್ಯಾಸವನ್ನಾಗಿ ಬಳಸಿಕೊಳ್ಳಬಹುದು.

ಇತರ ತಯಾರಕರಿಗೂ ತಮ್ಮತಮ್ಮ ಮುದ್ರೆಗಳಿವೆ. ಷೆವ್ರೊಲೆ ಕಾರಿನ ಬೋ-ಟೈ ಆಕಾರದ ಚಿಹ್ನೆ 1913ರಿಂದ ಬಳಕೆಯಲ್ಲಿದೆ. ಮನೆಮನೆಗಳಲ್ಲಿ ದೊಡ್ಡ ಕಾರನ್ನೆಲ್ಲ ‘ರೋಲ್ಸ್ ರಾಯ್ಸ್’ ಎಂದು ಹೇಳಿಕೊಳ್ಳುವ ರೂಢಿಯುಂಟು. ಆದರೆ ಗ್ರೀಕ್ ದೇವಾಲಯದ ಮುಂಭಾಗವನ್ನು ಹೋಲುವ ರೇಡಿಯೇಟರು ಕಾಣದಿದ್ದರೆ ಆ ಹೆಮ್ಮೆಯನ್ನು ಬಿಟ್ಟುಕೊಡುವುದೇ ಒಳ್ಳೆಯದು.

ನಮ್ಮ ದೇಶದಲ್ಲಿ ಜೋಡಣೆಗೊಂಡ ಕಾರುಗಳು

1928ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯು ಮುಂಬಯಿಯಲ್ಲಿ ಕಾರು ಜೋಡಿಸುವ ಕಾರ್ಖಾನೆ ತೆರೆಯಿತು; ಫೋರ್ಡ್ ಕಂಪನಿಯೂ ಅದನ್ನು ಹಿಂಬಾಲಿಸಿತು. 1942ರಲ್ಲಿ ಹಿಂದುಸ್ತಾನ್ ಮೋಟಾರ್ಸ್, 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿತವಾದವು. ಸ್ವಾತಂತ್ರ್ಯಾನಂತರ ಸರಕಾರವು ದೇಶದೊಳಗೇ ಭಾಗಗಳನ್ನು ತಯಾರಿಸಬೇಕೆಂಬ ನೀತಿಯನ್ನು ಬಿಗಿಗೊಳಿಸಿದಾಗ ಬರಿಯ ಜೋಡಣೆಯನ್ನಷ್ಟೇ ನಡೆಸುತ್ತಿದ್ದ ವಿದೇಶೀ ಕಂಪನಿಗಳು 1950ರ ದಶಕದ ಮೊದಲರ್ಧದಲ್ಲಿ ಹಿಂದೆ ಸರಿದವು.

ಇದರ ಫಲವಾಗಿ ಆ ಮೇಲಿನ ಚಿತ್ರಗಳಲ್ಲಿ ಕೆಲವೇ ಕಾರುಗಳು ಕಾಣುತ್ತವೆ. ಹಿಂದುಸ್ತಾನ್ ಲ್ಯಾಂಡ್‌ಮಾಸ್ಟರ್ 1954ರದು. ಅದನ್ನು ಹೋಲುವ ಅಂಬಾಸಡರ್ 1950ರ ದಶಕದ ಕೊನೆಗೆ ಬಂದಿತು. ಬಾನೆಟ್ಟಿನ ಮೇಲಿನ ಗೀರುಗಳು, ದೀಪಗಳ ಮೇಲಿನ ಹುಬ್ಬು, ಹಿಂಬದಿಯ ಸಣ್ಣ ರೆಕ್ಕೆಗಳಿಂದ ಅದನ್ನು ಬೇರ್ಪಡಿಸಿ ಗುರುತಿಸಬಹುದು. ಮೈಕಟ್ಟು ಹೆಚ್ಚು ಬದಲಾಗದೆ ಆ ಕಾರು 2014ರವರೆಗೆ ತಯಾರಾದ ಕಾರಣ ಕೆಳಮೇರೆಯ ನಿಯಮವನ್ನು ಇಲ್ಲಿ ವಿಶೇಷವಾಗಿ ನೆನಪಿಡಬೇಕು. ಫಿಯಟ್ 1100 ಕಾರುಗಳ ಹಳೆಯ ಮಾದರಿಗಳಲ್ಲಿ ಮುಂಬಾಗಿಲಿನ ತಿರುಗಣಿ ಹಿಂದುಗಡೆ ಇದ್ದು ಬಾಗಿಲು ಮುಂದಿನಿಂದ ತೆರೆಯುತ್ತಿತ್ತು. ಇದೂ ಒಂದು ಸುಲಭ ಗುರುತು.

ನಂಬರು ಫಲಕ ಓದುವಂತಿದ್ದರೆ ಅದು ಇನ್ನೊಂದು ಆಧಾರ. ಹಿಂದಿನ ಮೈಸೂರು ರಾಜ್ಯದ ಅನೇಕ ವಾಹನಗಳ ಫಲಕ ‘ಎಂ.ವೈ.’ ಅಕ್ಷರಗಳಿಂದ ಆರಂಭವಾಗುತ್ತಿತ್ತು. 1988ರ ಮೋಟಾರು ವಾಹನ ಕಾಯಿದೆಯು 1989ರ ಜುಲೈ 1ರಿಂದ ಜಾರಿಗೆ ಬಂದ ತರುವಾಯ ಇಡೀ ದೇಶಕ್ಕೆ ಒಂದೇ ಪದ್ಧತಿ ಏರ್ಪಟ್ಟು ಕರ್ನಾಟಕಕ್ಕೆ ‘ಕೆ.ಎ.’ ಗುರುತು ಬಂದಿತು.

ಮೋಸಹೋಗಬಹುದಾದ ಎಡೆಗಳು

ಸ್ಟೀರಿಂಗ್ ಎಡಬದಿಗೆ ಕಂಡುಬಂದರೆ ಕಾರು ವಿದೇಶದ್ದೆಂದು ತಟ್ಟನೆ ತೀರ್ಮಾನಿಸಲಾಗದು. ನೆಗೆಟಿವ್ ತಿರುವುಮುರುವಾಗಿ ಅಚ್ಚಾಗಿರುವ ಸಾಧ್ಯತೆಯುಂಟು. ಸೀರೆಯ ಸೆರಗು, ಕೋಟಿನ ಗುಂಡಿಗಳು, ನಂಬರು ಫಲಕದ ಅಕ್ಷರಗಳು ಯಾವ ಬದಿಗಿವೆ ಎಂದು ನೋಡಿದರೆ ಸಂಶಯ ನಿವಾರಣೆಯಾಗುತ್ತದೆ. ಎರಡನೆಯದಾಗಿ, ಸ್ಟುಡಿಯೋಗಳಲ್ಲಿ ಹಲಗೆಯಿಂದ ಮಾಡಿದ, ಪರದೆಯ ಮೇಲೆ ಬರೆದ ಕಾರುಗಳ ಮುಂದೆ ಚಿತ್ರ ತೆಗೆಸಿಕೊಳ್ಳುವುದೂ ರೂಢಿಯಲ್ಲಿತ್ತು. ಮೂರನೆಯದಾಗಿ, ಕಾರಿನ ಬಳಿ ನಿಂತ ಮಾತ್ರಕ್ಕೆ ಅದು ಅವರ ಸ್ವಂತದ್ದಾಗಬೇಕಿಲ್ಲ. ಮದುವೆಗೆ ಬಾಡಿಗೆಗೆ ತಂದದ್ದೋ, ಬಂದ ಅತಿಥಿಗಳದ್ದೋ ಇದ್ದೀತು. ನಾಲ್ಕನೆಯದಾಗಿ, ಹಳೆಯ ಕಾರಿಗೆ ಹೊಸ ಚಕ್ರ, ಹೊಸ ದೀಪ ಹಾಕಿಸುವುದುಂಟು. ಆದುದರಿಂದ ಒಂದೇ ಅಂಗವನ್ನು ನೆಚ್ಚದೆ ಮೂರು ನಾಲ್ಕು ಅಂಗಗಳ ಸಾಕ್ಷ್ಯ ಕೂಡಿಬರುವುದೇ ಎಂದು ಪರಿಶೀಲಿಸುವುದು ಯುಕ್ತ.

ಗುರುತಿಸಿದುದರ ಪ್ರಯೋಜನ

ಇಷ್ಟೆಲ್ಲ ಶ್ರಮ ಕೇವಲ ಕಾರಿನ ಹೆಸರಿಗಾಗಿಯೇ ಎಂಬ ಪ್ರಶ್ನೆ ಸಹಜ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಒಂದು ಮನೆಯಲ್ಲಿ ಐದು ವರ್ಷದ ಹುಡುಗನೊಬ್ಬ ಫುಟ್‌ಬೋರ್ಡಿನ ಮೇಲೆ ಕುಳಿತ ಚಿತ್ರವಿದೆ ಎಂದು ಇಟ್ಟುಕೊಳ್ಳಬಹುದು. ಅದು 1925ರ ಚಿತ್ರ, ಹುಡುಗ ಮನೆಯ ಹಿರಿಯ ಮಗ ಎಂದು ಎಲ್ಲರ ನಂಬಿಕೆ. ಪರೀಕ್ಷಿಸಿದಾಗ ಕಾರು 1930–31ರ ಮಾಡಲ್ ಎ ಎಂದು ತಿಳಿಯುತ್ತದೆ. ಆ ಹೊತ್ತಿಗೆ ಹಿರಿಯ ಮಗನಿಗೆ ಹತ್ತು ವರ್ಷ ತುಂಬಿತ್ತು. ಹಾಗಾದರೆ ಚಿತ್ರದಲ್ಲಿರುವವನು ಅವನ ತಮ್ಮನಾಗಿರಬೇಕು. ಬಾಲ್ಯದಲ್ಲಿಯೇ ತೀರಿಕೊಂಡು, ಮನೆಯವರ ನೆನಪಿನಿಂದಲೂ ಮರೆಯಾಗುತ್ತಿದ್ದ ಮಗು. ಅವನ ಮುಖವನ್ನು ತೋರುವ ಒಂದೇ ಚಿತ್ರ ಅಷ್ಟು ಕಾಲ ಬೇರೊಬ್ಬನ ಹೆಸರಿನಲ್ಲಿ ಗೋಡೆಯ ಮೇಲಿತ್ತು. ಒಂದು ರೇಡಿಯೇಟರಿನ ಎತ್ತರ, ಒಂದು ಚಕ್ರದ ಅಳತೆ ಆ ಮಗುವಿಗೆ ಅದರ ಹೆಸರನ್ನು ಮರಳಿ ಕೊಡಬಲ್ಲದು.

ಕಾರಿನ ಪಕ್ಕದಲ್ಲಿ ನಿಂತ ಡ್ರೈವರು, ಗಾಡಿ ಒರೆಸುತ್ತಿದ್ದ ಕ್ಲೀನರು ಇವರ ವಿಷಯದಲ್ಲಿಯೂ ಇದೇ ಮಾತು. ಯಜಮಾನರ ಹೆಸರು ಜಮೀನಿನ ಪತ್ರಗಳಲ್ಲಿ ಸಿಕ್ಕೀತು. ಇವರ ಹೆಸರನ್ನು ಬಲ್ಲವರು ಓಣಿಯ ಒಬ್ಬಿಬ್ಬರು ವೃದ್ಧರು ಮಾತ್ರ ಇದ್ದಾರು. ಚಿತ್ರ ಸುಮಾರು ಇಂಥ ವರ್ಷಕ್ಕಿಂತ ಈಚಿನದು ಎಂದು ತಿಳಿಸಿ ಕೇಳಿದಾಗ ಹಿರಿಯರ ನೆನಪು ಹೆಚ್ಚು ಖಚಿತವಾಗಿ ಹೊರಡುತ್ತದೆ. ಹಾಗೆ ತಿಳಿದುಬಂದುದನ್ನು ಮೃದುವಾದ ಪೆನ್ಸಿಲಿನಿಂದ ಚಿತ್ರದ ಬೆನ್ನಿನ ಅಂಚಿನಲ್ಲಿ ಬರೆದಿಡಬೇಕು. ಶಾಯಿಯಿಂದ ಒತ್ತಿ ಬರೆದರೆ ಅದು ಮುಂಭಾಗಕ್ಕೂ ಇಳಿದು ಚಿತ್ರ ಕೆಡುವ ಭಯವಿದೆ. ಖಚಿತವಾದುದು ಯಾವುದು, ಊಹೆ ಯಾವುದು, ಹೇಳಿದವರು ಯಾರು ಎಂಬುದನ್ನೂ ಬೇರೆಬೇರೆಯಾಗಿ ನಮೂದಿಸಬೇಕು. ಶಾಲೆಗಳ ಕಪಾಟುಗಳಲ್ಲಿರುವ ಹಳೆಯ ಸಮೂಹಚಿತ್ರಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಲಕ್ಷಗಟ್ಟಲೆ ತಯಾರಾದ ಕಾರನ್ನು ಇನ್ನು ನೂರು ವರ್ಷ ಕಳೆದರೂ ಯಾರಾದರೂ ಗುರುತಿಸಬಲ್ಲರು. ಅದರ ಬಿಡಿಭಾಗಗಳ ಪಟ್ಟಿಯೂ ಉಳಿದಿರುತ್ತದೆ. ಅದಕ್ಕೆ ಆತುಕೊಂಡು ನಿಂತ ಮನುಷ್ಯನಿಗೆ ಅಂತಹ ಪಟ್ಟಿಯಿಲ್ಲ. ಅವನನ್ನು ಬಲ್ಲವರು ಇರುವಾಗಲೇ ಕೇಳಿ ಬರೆದುಕೊಳ್ಳುವುದು ಕಿರಿಯರ ಕರ್ತವ್ಯ. ಕಾರನ್ನು ಗುರುತಿಸುವ ವಿದ್ಯೆಯು ಆ ಕರ್ತವ್ಯಕ್ಕೆ ಸಾಧನವಾದಾಗ ಮಾತ್ರ ಅದು ಸಾರ್ಥಕವೆನಿಸುತ್ತದೆ.